ಕಂಚಿ ಕಡೆ ಕೊಟ್ರೆ ನಾನು ಆಡಲ್ಲ

ಈ ಬೇಸಿಗೆ ರಜೆಯಲ್ಲಿ ಇಬ್ಬರು ಹುಡುಗರಿಗೆ ಅಂತ ನಾನೇ ಒಂದು ಆಟ ಮಾಡಿದೆ. ಅದೇ ಆಟದಿಂದ ಅವರಿಬ್ಬರ ಸ್ನೇಹ ಕೆಡೋ ಹಾಗಾಯ್ತು. ಹೇಗೆ ಅಂತ ಹೇಳ್ತೀನಿ.

ಅಕ್ಕನ ಮಗ ಎಂಟನೇ ಕ್ಲಾಸ್ ಮುಗಿಸಿ ವಕ್ಕಲೇರಿಗೆ, ಅಜ್ಜಿ ಮನೆಗೆ ಬಂದಿದ್ದ. ಬ್ಯಾಗಿನ ತುಂಬ ಪೋಕೆಮಾನ್ ಕಾರ್ಡು. ಪಕ್ಕದ ಮನೆ ಹುಡುಗನಿಗೂ ಅದೇ ವಯಸ್ಸು. ಆದರೆ ಅವನ ಹತ್ತಿರ ಇದ್ದದ್ದು ಇವನು ಬೇಡ ಅಂತ ಕೊಟ್ಟ 11 ಕಾರ್ಡು. ಪ್ಯಾಕೆಟ್ ಮೇಲೆ ಪ್ಯಾಕೆಟ್ ಕೊಳ್ಳೋಕೆ ಕಾಸಿದ್ದವನು ಗೆಲ್ಲುತ್ತಿದ್ದ, ಇನ್ನೊಬ್ಬ ನಗುನಗುತ್ತಾ ಸೋಲುತ್ತಿದ್ದ. ಶನಿವಾರ ಬೆಂಗಳೂರಿಂದ ಹೋದವನು ಜಗಲಿಯಲ್ಲಿ ಕೂತು ಇದನ್ನು ನೋಡಿ, "ನಾನೇ ಕಾರ್ಡ್ ಮಾಡಿಕೊಡ್ತೀನಿ, ಇಬ್ಬರಿಗೂ 20-20" ಅಂದುಬಿಟ್ಟೆ.

ಕಥೆ ಹುಡುಕೋಕೆ ದೂರ ಹೋಗಬೇಕಿರಲಿಲ್ಲ. ನಮ್ಮೂರು ಅಂದ್ರೆ ಮಾರ್ಕಂಡೇಯ ಬೆಟ್ಟ ನೆನಪಾಗುತ್ತೆ. ಇತಿಹಾಸ ಓದಿದವರಿಗೆ ನೆನಪಾಗೋದು ವಕ್ಕಲೇರಿ ತಾಮ್ರಶಾಸನ. ಕ್ರಿ.ಶ. 757ರಲ್ಲಿ ಬಾದಾಮಿ ಚಾಲುಕ್ಯರ ಕೊನೆಯ ಅರಸ ಎರಡನೇ ಕೀರ್ತಿವರ್ಮ ಹೊರಡಿಸಿದ್ದು. ಅದರಲ್ಲಿ ಅವನ ತಂದೆ ಎರಡನೇ ವಿಕ್ರಮಾದಿತ್ಯ ಪಲ್ಲವರನ್ನು ಸೋಲಿಸಿ ಕಂಚಿ ಗೆದ್ದ ವರ್ಣನೆ ಇದೆ. ಆನೆ, ಮಾಣಿಕ್ಯ, ಯುದ್ಧವಾದ್ಯ, ಧ್ವಜ ಎಲ್ಲ ವಶಪಡಿಸಿಕೊಂಡ ವಿವರವೂ ಇದೆ. ಒಂದು ಡೆಕ್ ಬಾದಾಮಿ, ಇನ್ನೊಂದು ಕಂಚಿ ಅಂತ ತೀರ್ಮಾನವಾಯ್ತು.

ನಿಯಮ ಸರಳ. ಇಬ್ಬರಿಗೂ 20 ಬಲದ ಒಂದೊಂದು ಕೋಟೆ. ಮೊದಲ ಸರದಿಗೆ 1 ಹೊನ್ನು, ಎರಡನೆಯದಕ್ಕೆ 2, ಹೀಗೆ ಏರುತ್ತೆ. ಹೊನ್ನು ಕೊಟ್ಟು ಕಾರ್ಡು ಇಳಿಸಬೇಕು. ಪ್ರತಿ ಕಾರ್ಡಿಗೂ ದಾಳಿ ಒಂದು, ರಕ್ಷಣೆ ಒಂದು ಅಂಕ.

ಮುಂದಿನ ವಾರ ಹೋದೆ. ಜಗಲಿಯಲ್ಲಿ ಅಕ್ಕನ ಮಗ ಒಬ್ಬನೇ ಕೂತಿದ್ದ.

"ಅವನು ಬರಲ್ವಂತೆ ಮಾಮ. 6 ಆಟ ಆಡಿದ್ವಿ, ಆರೂ ನಾನೇ ಗೆದ್ದೆ."

ನಾನೇ ಪಕ್ಕದ ಮನೆಗೆ ಹೋಗಿ ಕರೆದೆ. ಹುಡುಗ ಬಾಗಿಲಲ್ಲೇ ನಿಂತು, "ಕಂಚಿ ಕಡೆ ಕೊಟ್ರೆ ನಾನು ಆಡಲ್ಲ ಅಣ್ಣ. ಅದು ಸೋಲೋಕೇ ಮಾಡಿರೋದು" ಅಂದ. ಪೋಕೆಮಾನ್‌ನಲ್ಲಿ ಸೋತಾಗ ಅವನು ನಗುತ್ತಿದ್ದ, ಏಕೆಂದರೆ ತನ್ನ ಹತ್ತಿರ ಕಾರ್ಡಿಲ್ಲ ಅಂತ ಅವನಿಗೆ ಗೊತ್ತಿತ್ತು. ಇಲ್ಲಿ ಸಮ ಅಂತ ಹೇಳಿ ಕೊಟ್ಟಿದ್ದೆ. ಅದಕ್ಕೇ ನೋವು ಜಾಸ್ತಿ.

ರಾತ್ರಿ ಕೂತು ಲೆಕ್ಕ ಹಾಕಿದೆ. ಹಾರ್ತ್‌ಸ್ಟೋನ್ ಆಡುವವರಲ್ಲಿ ಒಂದು ಒರಟು ಲೆಕ್ಕ ಇದೆ: ಕಾರ್ಡಿನ ಬೆಲೆಯನ್ನು ಎರಡರಿಂದ ಗುಣಿಸಿ 1 ಕೂಡಿಸಿದರೆ ಎಷ್ಟೋ, ದಾಳಿ ಮತ್ತು ರಕ್ಷಣೆಯ ಮೊತ್ತ ಅಷ್ಟಿರಬೇಕು. ವಿಶೇಷ ಶಕ್ತಿ ಕೊಟ್ಟರೆ ಮೊತ್ತದಲ್ಲಿ ಕಡಿಮೆ ಮಾಡಬೇಕು. 5 ಹೊನ್ನಿನ ಕಾರ್ಡಿಗೆ ಮೊತ್ತ 11. ನನ್ನ ವಿಕ್ರಮಾದಿತ್ಯನಿಗೆ ದಾಳಿ 7, ರಕ್ಷಣೆ 6, ಅಂದರೆ 13. ಜೊತೆಗೆ 'ಇಳಿದ ತಕ್ಷಣ 3 ಹೊನ್ನು ಲೂಟಿ' ಅಂತಲೂ ಬರೆದಿದ್ದೆ. 5 ಕೊಟ್ಟು 3 ವಾಪಸ್ ಬಂದರೆ ಅವನ ನಿಜವಾದ ಬೆಲೆ 2 ಹೊನ್ನು. 2 ಹೊನ್ನಿಗೆ ಸಲ್ಲಬೇಕಾದ್ದು 5 ಅಂಕ. ನಾನು ಕೊಟ್ಟಿದ್ದು 13!

ಇಂಥ ತಪ್ಪು ದೊಡ್ಡವರೂ ಮಾಡಿದ್ದಾರೆ. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಮಾಡಿದ 'ಮ್ಯಾಜಿಕ್: ದಿ ಗ್ಯಾದರಿಂಗ್' ಆಟದಲ್ಲಿ ಒಂದೇ ಬೆಲೆಯ, 'ಮೂರು' ಕೊಡುವ ಕಾರ್ಡುಗಳಿದ್ದವು. ಹೀಲಿಂಗ್ ಸಾಲ್ವ್ 3 ಪ್ರಾಣ ಕೊಡುತ್ತೆ, ಲೈಟ್ನಿಂಗ್ ಬೋಲ್ಟ್ 3 ಪೆಟ್ಟು ಕೊಡುತ್ತೆ, ಆನ್ಸೆಸ್ಟ್ರಲ್ ರಿಕಾಲ್ 3 ಕಾರ್ಡು ಎಳೆಯಲು ಬಿಡುತ್ತೆ. ಮೂರೂ ಸಮ ಅನ್ನಿಸುತ್ತೆ ಅಲ್ವಾ? ಮೊದಲನೆಯದನ್ನು ಯಾರೂ ಅಷ್ಟಾಗಿ ಮುಟ್ಟಲಿಲ್ಲ. ಕೊನೆಯದು ಎಷ್ಟು ಬಲಶಾಲಿಯಾಯ್ತು ಅಂದ್ರೆ, ಇವತ್ತು ವಿಂಟೇಜ್ ಪಂದ್ಯಗಳಲ್ಲಿ ಒಂದೇ ಒಂದು ಇಟ್ಟುಕೊಳ್ಳಬಹುದು, ಲೆಗಸಿ ಪಂದ್ಯಗಳಲ್ಲಿ ನಿಷೇಧ. ಪ್ರಾಣ ಕೊಡುವ ಮೂರೂ, ಇನ್ನಷ್ಟು ಆಡಲು ಬಿಡುವ ಮೂರೂ ಒಂದೇ ಅಲ್ಲ. ನನ್ನ 3 ಹೊನ್ನೂ ಈ ಎರಡನೇ ಜಾತಿಯದು.

ಲೆಕ್ಕದ ತಪ್ಪಿಗೆ ಕಾರಣ ಮಾತ್ರ ಲೆಕ್ಕವಲ್ಲ. ನಮ್ಮೂರಲ್ಲಿ ಸಿಕ್ಕ ಶಾಸನ, ನಮ್ಮ ರಾಜ, ಬಾದಾಮಿ ಗೆಲ್ಲಲಿ ಅನ್ನೋ ಆಸೆ ನನಗೇ ಇತ್ತು. ಆಫೀಸಲ್ಲಿ ನಾನು ಬರೆದ ಕೋಡನ್ನು ನಾನೇ ಟೆಸ್ಟ್ ಮಾಡಿ ಪಾಸ್ ಅಂದ್ರೆ ಯಾರೂ ಒಪ್ಪಲ್ಲ. ಮನೆಯಲ್ಲಿ ಅದನ್ನೇ ಮಾಡಿದ್ದೆ.

ಪರಿಹಾರ ಸಿಕ್ಕಿದ್ದೂ ಅದೇ ಶಾಸನದಲ್ಲಿ. ಗೆದ್ದ ವಿಕ್ರಮಾದಿತ್ಯ ಕಂಚಿಯನ್ನು ಹಾಳು ಮಾಡಲಿಲ್ಲ. ರಾಜಸಿಂಹೇಶ್ವರ, ಅಂದರೆ ಇವತ್ತಿನ ಕೈಲಾಸನಾಥ ದೇವಾಲಯಕ್ಕೆ ಚಿನ್ನದ ರಾಶಿ ಮರಳಿ ಕೊಟ್ಟ. ಆ ದೇವಾಲಯದಲ್ಲಿ ಅವನ ಕನ್ನಡ ಶಾಸನವೂ ಇದೆ. ಕಾರ್ಡು ತಿದ್ದಿದೆ: 'ನಿನಗೆ 3 ಹೊನ್ನು. ಮುಂದಿನ ಸರದಿಗೆ ಎದುರಾಳಿಗೆ 2 ಹೊನ್ನು.' ಲಾಭ ಉಳಿದದ್ದು 1 ಹೊನ್ನು, ಅಂದರೆ 2 ಅಂಕ. 11ರಲ್ಲಿ 2 ಕಳೆದು ದಾಳಿ 5, ರಕ್ಷಣೆ 4.

ಬೆಳಿಗ್ಗೆ ಹೋಗಿ ತೋರಿಸಿದೆ. ಪಕ್ಕದ ಮನೆ ಹುಡುಗ ಕಾರ್ಡನ್ನು ಎರಡು ಸಲ ಓದಿ ಕೇಳಿದ: "ಕಂಚಿಯವರೂ ಒಂದ್ಸಲ ಬಾದಾಮಿ ಗೆದ್ದಿದ್ರಲ್ಲ ಅಣ್ಣ? ಸ್ಕೂಲಲ್ಲಿ ಹೇಳಿದ್ರು."

ನನಗೆ ನಾಚಿಕೆಯಾಯ್ತು. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದು 'ವಾತಾಪಿಕೊಂಡ' ಅನ್ನಿಸಿಕೊಂಡಿದ್ದ. ನನ್ನ 40 ಕಾರ್ಡಿನಲ್ಲಿ ಅವನೇ ಇರಲಿಲ್ಲ! ಅವನ ಕಾರ್ಡನ್ನು ಆ ಹುಡುಗನೇ ಬರೆದ: ಬೆಲೆ 5 ಹೊನ್ನು, ತನ್ನ ಕೋಟೆ 10ಕ್ಕಿಂತ ಕೆಳಗಿಳಿದಿದ್ದರೆ 3. ಅಂಕದ ಮೊತ್ತ 9 ಇಟ್ಟೆವು. 5ಕ್ಕೆ ಕೊಂಡರೆ ಸ್ವಲ್ಪ ನಷ್ಟ, 3ಕ್ಕೆ ಕೊಂಡರೆ ಸ್ವಲ್ಪ ಲಾಭ. ಸೋಲ್ತಾ ಇರೋನಿಗೆ ಒಂದು ದಾರಿ.

ಆಮೇಲೆ 10 ಆಟ. ಪ್ರತಿ ಆಟಕ್ಕೂ ಡೆಕ್ ಅದಲುಬದಲು. ಅಂಕಗಳನ್ನು ಪೆನ್ಸಿಲಲ್ಲೇ ಬರೆದಿದ್ದೆವು, ಒಂದು ಸಲಕ್ಕೆ ಒಂದೇ ಅಂಕ ತಿದ್ದೋದು ಅಂತ ಮೊದಲೇ ಮಾತಾಗಿತ್ತು. ಬಾದಾಮಿ 6, ಕಂಚಿ 4. ಇಷ್ಟಕ್ಕೇ ಪೂರ್ತಿ ಸಮ ಅಂತ ಹೇಳೋಕಾಗಲ್ಲ. ಆದರೆ ಯಾರೂ ಮಧ್ಯದಲ್ಲಿ ಎದ್ದು ಹೋಗಲಿಲ್ಲ, ಅಮ್ಮ ಊಟಕ್ಕೆ ಮೂರು ಸಲ ಕೂಗಿದರೂ.

ರಜೆ ಮುಗಿದು ಹೊರಡುವಾಗ ಅಕ್ಕನ ಮಗ ಕಂಚಿ ಡೆಕ್ಕನ್ನೇ ಕೇಳಿ ತಗೊಂಡು ಹೋದ. ಬಾದಾಮಿ ಸದ್ಯಕ್ಕೆ ವಕ್ಕಲೇರಿಯಲ್ಲಿ, ಪಕ್ಕದ ಮನೆಯಲ್ಲಿದೆ. ದಸರಾ ರಜೆಗೆ ಮತ್ತೆ ಯುದ್ಧವಂತೆ.