ಗೊಬ್ಬರದ ಘಟಕಕ್ಕೆ ಜಾಗ: ಬೇಡವೆನ್ನುವ ಮೊದಲು ಕೇಳಬೇಕಾದದ್ದು

ಊರ ಕಸದಿಂದ ಗೊಬ್ಬರ ಮಾಡುವ ಘಟಕಕ್ಕೆ ಜಾಗ ಹುಡುಕುವ ಮಾತು ಬಂದಾಗಲೆಲ್ಲ ಎರಡೇ ಉತ್ತರ ಕೇಳಿಬರುತ್ತವೆ. ಪೇಟೆಯವರು "ಊರಾಚೆ ಎಲ್ಲಾದರೂ ಮಾಡಿ" ಎನ್ನುತ್ತಾರೆ. ಊರಾಚೆ ಬೇಸಾಯ ಮಾಡುವವರು "ನಮ್ಮ ಹತ್ತಿರ ಮಾತ್ರ ಬೇಡ" ಎನ್ನುತ್ತಾರೆ. ಈ ಎರಡು ಉತ್ತರಗಳ ನಡುವೆ ಕಸ ಮಾತ್ರ ಕೆರೆಯಂಗಳಕ್ಕೂ ರಸ್ತೆಬದಿಗೂ ಬಂದು ಬೀಳುತ್ತಲೇ ಇರುತ್ತದೆ.

ಮದ್ದೂರು–ಮಳವಳ್ಳಿ ರಸ್ತೆಯ ಮೇಲಿರುವ ನಮ್ಮ ಭಾರತೀನಗರವೂ ಈಗ ಹಳೆಯ ಕಾಳಮುದ್ದನದೊಡ್ಡಿಯಾಗಿ ಉಳಿದಿಲ್ಲ. ಸಕ್ಕರೆ ಕಾರ್ಖಾನೆ, ಕಾಲೇಜು, ಆಸ್ಪತ್ರೆ, ಹೋಟೆಲುಗಳು ಇರುವ ಊರಿನಲ್ಲಿ ಕಸದ ಪ್ರಶ್ನೆ ತಪ್ಪಿದ್ದಲ್ಲ. ಆದ್ದರಿಂದ ಸದಸ್ಯ ಬಂಧುಗಳ ಮುಂದೆ ಒಂದು ಅಭಿಪ್ರಾಯ ಇಡುತ್ತೇನೆ: ತೋಟದವರು ಬೇಡವೆಂದು ಕೂಗುವುದಕ್ಕಿಂತ, ಜಾಗ ಗೊತ್ತಾಗುವ ಮುನ್ನವೇ ಷರತ್ತುಗಳನ್ನು ಮುಂದಿಟ್ಟು, ಅವನ್ನು ಅನುಮತಿ ಪತ್ರದಲ್ಲಿಯೇ ಬರೆಸಿಕೊಳ್ಳುವುದು ಮೇಲು.

ಬೇಡವೆನ್ನುವವರ ಭಯಕ್ಕೆ ಆಧಾರವಿಲ್ಲವೆಂದು ನಾನು ಹೇಳುವುದಿಲ್ಲ. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್ ಮಳೆಗೆ ಕಸದ ಗುಡ್ಡವೇ ಜಾರಿ, ಕೆಳಗಿನ ಮಂದಾರದಲ್ಲಿ ಮನೆಗಳನ್ನೂ ಅಡಿಕೆ, ತೆಂಗಿನ ತೋಟಗಳನ್ನೂ ಮುಚ್ಚಿಹಾಕಿತು. ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಅಡಿಕೆ ಬೆಳೆಗಾರರಾದ ನಮಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರದ ಕಥೆ 2012ರಲ್ಲಿ ಮುಗಿಯಿತು. ಮಂಡೂರಿನ ಜನ ವರ್ಷಗಟ್ಟಲೆ ಹೋರಾಡಿದ ಮೇಲೆ 2014ರ ಡಿಸೆಂಬರಿನಲ್ಲಿ ಅಲ್ಲಿಗೆ ಲಾರಿಗಳು ಬರುವುದು ನಿಂತಿತು.

ಆದರೆ ಒಂದು ಮಾತನ್ನು ಗಮನಿಸಬೇಕು. ಈ ಕಡೆಗಳಲ್ಲೆಲ್ಲ ಜನರನ್ನು ಕಾಡಿದ್ದು ಗೊಬ್ಬರವಲ್ಲ. ಬೇರ್ಪಡಿಸದೆ ತಂದು ಸುರಿದ ಕಸದ ರಾಶಿ. ತಿಪ್ಪೆ ಯಾವ ರೈತನಿಗೆ ಹೊಸದು? ಹಸಿ ಕಸವನ್ನು ಸಾಲುರಾಶಿ ಮಾಡಿ, ಹದವಾಗಿ ತೇವವಿಟ್ಟು, ಆಗಾಗ ಮಗುಚಿದರೆ ಒಳಗಿನ ಕಾವು 55–60 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ; ರೋಗಾಣುಗಳೂ ಕಳೆಬೀಜಗಳೂ ಸಾಯುತ್ತವೆ. ಗಾಳಿ ಆಡದಿದ್ದರೆ ಅದೇ ರಾಶಿ ಕೊಳೆತು ನಾರುತ್ತದೆ. ಅಂದರೆ ದುರ್ವಾಸನೆ ಗೊಬ್ಬರದ ಗುಣವಲ್ಲ, ಕೆಲಸಗಳ್ಳತನದ ಗುರುತು. ಪಟ್ಟಣದ ಕಸವನ್ನು ಗುಂಡಿಯಲ್ಲಿ ಪದರಪದರವಾಗಿ ಮುಚ್ಚಿ ಗೊಬ್ಬರ ಮಾಡುವ ಕ್ರಮವನ್ನು ಡಾ. ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದ್ದು ಬೆಂಗಳೂರಿನಲ್ಲಿಯೇ. ಲೋಕವೆಲ್ಲ ಅದನ್ನು 'ಬೆಂಗಳೂರು ವಿಧಾನ' ಎಂದೇ ಕರೆಯಿತು. ವಿದ್ಯೆ ನಮ್ಮಲ್ಲಿ ಇಲ್ಲವೆಂದಲ್ಲ, ಶಿಸ್ತು ಇಲ್ಲ.

ಎರಡನೆಯ ಪಾಠ ಜಾಗದ್ದು. ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವು 1975ರಲ್ಲಿ ಸ್ಥಾಪನೆಯಾಯಿತು. ಅದರ ಘಟಕ ಆಗ ಬೆಂಗಳೂರಿನ ಹೊರಗಿತ್ತು. ಆಮೇಲೆ ನಗರವೇ ನಡೆದುಕೊಂಡು ಅಲ್ಲಿಗೆ ಬಂತು. ಎಚ್.ಎಸ್.ಆರ್. ಬಡಾವಣೆ ಹುಟ್ಟಿತು, ಸುತ್ತ ಬಹುಮಹಡಿ ಮನೆಗಳೆದ್ದವು. ನಿವಾಸಿಗಳು ವಾಸನೆಯ ದೂರು ಹಿಡಿದು ಹಸಿರು ನ್ಯಾಯಮಂಡಳಿಯ ತನಕ ಹೋದರು. ಅವರ ಕಷ್ಟ ನಿಜವೇ. ಆದರೆ ಘಟಕದ ಮಗ್ಗುಲಲ್ಲೇ ಮನೆ ಕಟ್ಟಲು ಒಪ್ಪಿಗೆ ಕೊಟ್ಟವರು ಯಾರು? ಘಟಕಕ್ಕೆ ಒಂದು ಕಚೇರಿ ಅನುಮತಿ ಕೊಡುತ್ತದೆ, ಪಕ್ಕದ ಬಡಾವಣೆಗೆ ಇನ್ನೊಂದು ಕಚೇರಿ ಕೊಡುತ್ತದೆ. ಒಂದರ ನಕಾಶೆಯನ್ನು ಇನ್ನೊಂದು ನೋಡುವುದಿಲ್ಲ. ಸುತ್ತಲ ಜಮೀನಿನ ವಿಚಾರ ಇತ್ಯರ್ಥ ಮಾಡದ ಅನುಮತಿ ಅರ್ಧ ಅನುಮತಿಯೇ ಸರಿ.

ಇನ್ನು ಕಾನೂನಿನ ಮಾತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ದಿನಕ್ಕೆ 5 ಟನ್ ಮೀರಿದ ಘಟಕಕ್ಕೆ ಸ್ಥಳೀಯ ಸಂಸ್ಥೆಯು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅಧಿಕೃತ ಅನುಮತಿ ಪಡೆಯಬೇಕಿತ್ತು. ಅಂಥ ಘಟಕದ ಸುತ್ತ ಕಟ್ಟಡವಿಲ್ಲದ ರಕ್ಷಣಾ ವಲಯವೂ ಇರಬೇಕಿತ್ತು; ಆ ವಲಯ ಘಟಕದ ಸ್ವಂತ ಆವರಣದೊಳಗೇ ಬರಬೇಕೆಂದು ನಿಯಮ ಹೇಳಿತ್ತು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಹೊರಡಿಸಿದ ಹೊಸ ನಿಯಮಗಳೂ ರಕ್ಷಣಾ ವಲಯಕ್ಕೆ 5 ಟನ್ನಿನ ಗೆರೆಯನ್ನೇ ಉಳಿಸಿಕೊಂಡಿವೆ. ವಲಯ ಎಷ್ಟು ಅಗಲವಿರಬೇಕು, ಅದರಲ್ಲಿ ಏನೇನು ಮಾಡಬಹುದು ಎಂಬುದಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮಾರ್ಗಸೂಚಿ ಮಾಡಬೇಕೆಂದೂ ಹೇಳಿವೆ.

ನಮ್ಮಂಥ ಊರುಗಳಿಗೆ ತೊಡಕಿರುವುದು ಈ ಗೆರೆಯಲ್ಲಿಯೇ. ಲೆಕ್ಕ ಹಾಕಿ ನೋಡೋಣ. ಇಪ್ಪತ್ತು ಸಾವಿರ ಜನರ ಊರು ಎಂದಿಟ್ಟುಕೊಳ್ಳಿ. ತಲೆಗೆ ದಿನಕ್ಕೆ 300 ಗ್ರಾಂ ಕಸವೆಂದರೆ 6 ಟನ್. ಅದರಲ್ಲಿ ಅರ್ಧ ಹಸಿ ಕಸವಾದರೆ ಗೊಬ್ಬರದ ಘಟಕಕ್ಕೆ ಹೋಗುವುದು 3 ಟನ್. ಗೆರೆಯ ಕೆಳಗೇ ಉಳಿಯಿತು! ದೊಡ್ಡ ನಗರದ ಘಟಕಕ್ಕೆ ರಕ್ಷಣಾ ವಲಯ. ಸಣ್ಣ ಊರಿನದಕ್ಕೆ ಅಂಥ ಕಟ್ಟುಪಾಡಿಲ್ಲ. ಆದರೆ 3 ಟನ್ ಕಸ ಮಳೆಯಲ್ಲಿ ನೆನೆದರೂ ಅದರ ರಸ ಬಾವಿಗೆ ಇಳಿಯದೆ ಇರುತ್ತದೆಯೆ? ನಮ್ಮದು ನಾಲೆಯ ಸೀಮೆ. ನೀರು ಬಿಟ್ಟ ಕಾಲದಲ್ಲಿ ಅಂತರ್ಜಲ ಮೇಲಕ್ಕೇರುತ್ತದೆ. ಇಂಥ ಕಡೆ ಕಸದ ರಸ ದೂರ ಹೋಗಬೇಕಾಗಿಲ್ಲ.

ಆದಕಾರಣ ನಿಯಮ ಕೇಳದಿದ್ದರೂ ನಾವು ಕೇಳತಕ್ಕ ಷರತ್ತುಗಳಿವೆ.

ಮೊದಲನೆಯದು, ಮನೆಯಲ್ಲಿಯೇ ಬೇರ್ಪಡಿಸಿದ ಹಸಿ ಕಸವಲ್ಲದೆ ಬೇರೆ ಲಾರಿ ಘಟಕದ ಗೇಟು ದಾಟಕೂಡದು. ಮಿಕ್ಕ ಕಸವನ್ನು 'ಸದ್ಯಕ್ಕೆ ಇಲ್ಲೇ ಇರಲಿ' ಎಂದು ಒಂದು ಮೂಲೆಯಲ್ಲಿ ಸುರಿಯಲು ಬಿಟ್ಟರೆ, ಆ ಮೂಲೆಯೇ ಮುಂದೆ ಪಚ್ಚನಾಡಿಯಾಗುತ್ತದೆ.

ಎರಡನೆಯದು, ರಾಶಿ ಹಾಕುವ ಜಾಗಕ್ಕೆ ಗಾರೆಯ ನೆಲ, ಮೇಲೆ ಸೂರು, ರಸ ಹಿಡಿಯುವ ತೊಟ್ಟಿ ಇರಬೇಕು. ಕಾಫಿ ಪಲ್ಪಿಂಗ್ ನೀರನ್ನು ಶುದ್ಧಿ ಮಾಡದೆ ಹಳ್ಳಕ್ಕೆ ಬಿಡಬೇಡಿರೆಂದು ಬೆಳೆಗಾರನಿಗೆ ಹೇಳುವ ಸರ್ಕಾರ, ಅದೇ ಮಾತನ್ನು ಪುರಸಭೆಗೂ ಹೇಳಲಿ. ಸುತ್ತಲ ಬಾವಿಗಳ ನೀರನ್ನು ಘಟಕ ತೆರೆಯುವ ಮೊದಲೊಮ್ಮೆ, ಆಮೇಲೆ ಪ್ರತಿ ವರ್ಷವೂ ಪರೀಕ್ಷಿಸಿ ಪಂಚಾಯಿತಿಯ ಫಲಕದಲ್ಲಿ ಹಾಕಲಿ.

ಮೂರನೆಯದು, ರಕ್ಷಣಾ ವಲಯಕ್ಕೆ ಬೇಕಾದ ನೆಲವನ್ನು ಘಟಕವೇ ಕೊಂಡು ಮರ ಬೆಳೆಸಲಿ. ಆ ಹೊರೆ ಪಕ್ಕದ ರೈತನ ಪಹಣಿಯ ಮೇಲೆ ಬೀಳಬಾರದು. ಸಮೀಪದ ಜಮೀನನ್ನು ನಿವೇಶನಕ್ಕಾಗಿ ಭೂಪರಿವರ್ತನೆ ಮಾಡುವಾಗ, ಇಲ್ಲಿ ಗೊಬ್ಬರದ ಘಟಕವಿದೆ ಎಂದು ಆ ಆದೇಶದಲ್ಲಿಯೇ ನಮೂದಿಸಲಿ. ಕೊಳ್ಳುವವನು ತಿಳಿದು ಕೊಳ್ಳಲಿ. ಹತ್ತು ವರ್ಷದ ಮೇಲೆ ದೂರು ತರುವುದು ತಪ್ಪುತ್ತದೆ.

ನಾಲ್ಕನೆಯದು ಗೊಬ್ಬರದ ಗುಣ. 1985ರ ರಸಗೊಬ್ಬರ ನಿಯಂತ್ರಣ ಆಜ್ಞೆಯಲ್ಲಿ ನಗರ ಕಾಂಪೋಸ್ಟಿಗೆ ಮಟ್ಟ ನಿಗದಿಯಾಗಿದೆ. ಕಿಲೋಗೆ ಸೀಸ 100, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರುವಂತಿಲ್ಲ. ಭತ್ತ, ಕಬ್ಬಿನ ಗದ್ದೆಯನ್ನಾದರೂ ಉತ್ತು ಬೇರೆ ಬೆಳೆ ಹಾಕಬಹುದು. ಅಡಿಕೆ, ಕಾಫಿ ಹಾಗಲ್ಲ. ಬುಡಕ್ಕೆ ಹಾಕಿದ್ದು ಮೂವತ್ತು ನಲವತ್ತು ವರ್ಷ ಬುಡದಲ್ಲೇ ಇರುತ್ತದೆ. ಗಾಜಿನ ಚೂರು, ಪ್ಲಾಸ್ಟಿಕ್, ಬ್ಯಾಟರಿಯ ವಿಷ ಬೆರೆತ ಗೊಬ್ಬರ ಧರ್ಮಕ್ಕೆ ಕೊಟ್ಟರೂ ತೋಟಕ್ಕೆ ಬೇಡ. ಪ್ರತಿ ತಂಡದ ಪರೀಕ್ಷಾ ವರದಿ ಚೀಲದ ಜೊತೆಗೇ ಬರಲಿ.

ಇಷ್ಟು ಕೇಳುವವರಿಗೆ ಕೊಡುವ ಕರ್ತವ್ಯವೂ ಇದೆ. ಕೊಳ್ಳುವವರಿಲ್ಲದೆ ಗೊಬ್ಬರ ಅಂಗಳದಲ್ಲೇ ಬಿದ್ದರೆ ಎಂಥ ಘಟಕವೂ ಕಸದ ಗುಡ್ಡೆಯೇ. ಮಟ್ಟ ಸರಿಯಿದ್ದ ಗೊಬ್ಬರವನ್ನು ವರ್ಷಕ್ಕಿಷ್ಟು ಟನ್ ಎತ್ತುತ್ತೇವೆಂದು ನಮ್ಮ ಸಹಕಾರ ಸಂಘ ಮುಂಚಿತವಾಗಿ ಒಪ್ಪಂದ ಮಾಡಿಕೊಳ್ಳಬಹುದು. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಉಪಯೋಗ ಈ ಸೀಮೆಯ ರೈತರಿಗೆ ಗೊತ್ತಿದ್ದದ್ದೇ. ಅದನ್ನೂ ಅಡಿಕೆ ಸಿಪ್ಪೆಯನ್ನೂ ಹಸಿ ಕಸದೊಡನೆ ಬೆರೆಸಬಹುದು. ಸಿಪ್ಪೆ ಸೇರಿದರೆ ರಾಶಿಯಲ್ಲಿ ಗಾಳಿಯೂ ಆಡುತ್ತದೆ. ಗಿರಾಕಿಯಾಗಿ ನಿಂತವನ ಷರತ್ತಿಗೆ ಇರುವ ತೂಕ, ಅರ್ಜಿ ಹಿಡಿದು ನಿಂತವನ ಕೂಗಿಗೆ ಇರುವುದಿಲ್ಲ.

ಜಾಗದ ನಕಾಶೆಗೆ ರುಜು ಬಿದ್ದ ಮೇಲೆ ಧರಣಿ ಕೂರುವುದು ಸುಲಭ. ಫಲ ಸಿಗುವುದು ಕಷ್ಟ. ಗ್ರಾಮಸಭೆಯಲ್ಲಿ ಜಾಗದ ಮಾತು ಬಂದ ದಿನವೇ ಸದಸ್ಯರು ಈ ನಾಲ್ಕು ಷರತ್ತುಗಳನ್ನು ಬರಹದಲ್ಲಿ ಕೊಟ್ಟು, ನಡಾವಳಿ ಪುಸ್ತಕದಲ್ಲಿ ದಾಖಲಾಗುವ ತನಕ ಏಳದೆ ಕೂರಬೇಕೆಂದು ನನ್ನ ವಿನಂತಿ.