ಲೋಟ ಬೇರೆ ಮಾಡಿದರೆ ಸಕ್ಕರೆ ಇಳಿಯುವುದೇ?

ಒಬ್ಬರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನ ನಮ್ಮ ಮನೆಗಳಲ್ಲಿ ಮೊದಲು ನಡೆಯುವ ಕೆಲಸವೇನು? ಅವರ ಟೀ ಲೋಟ ಬೇರೆಯಾಗುತ್ತದೆ. ಎಲ್ಲರದೂ ಸಕ್ಕರೆ ಹಾಕಿದ ಟೀ, ಅವರದು ಮಾತ್ರ ಸಪ್ಪೆ. ರಾತ್ರಿ ಎಲ್ಲರಿಗೂ ಅನ್ನ, ಅವರಿಗೆ ಮೂರು ಚಪಾತಿ. ಅಲ್ಲಿಗೆ ಪಥ್ಯ ಮುಗಿಯಿತು, ಮನೆಯವರ ಕರ್ತವ್ಯವೂ ಮುಗಿಯಿತು. ಮೂರು ತಿಂಗಳ ನಂತರ ರಕ್ತ ಪರೀಕ್ಷೆಯ ಚೀಟಿಯಲ್ಲಿ ಅಂಕಿ ಇಳಿಯದಿದ್ದರೆ 'ಬಾಯಿ ಕಟ್ಟಲಿಲ್ಲ' ಎಂಬ ಆರೋಪ ರೋಗಿಯ ತಲೆಗೆ. ಈ ಆರೋಪವನ್ನು ನಾವು ಒಪ್ಪುವುದಿಲ್ಲ.

ಎರಡನೇ ಬಗೆಯ ಮಧುಮೇಹ ಹೊಸದಾಗಿ ಪತ್ತೆಯಾದಾಗ ಊಟ ಮತ್ತು ನಡಿಗೆಯಿಂದ ಅದನ್ನು ಬಹಳ ಮಟ್ಟಿಗೆ ಹತೋಟಿಗೆ ತರಬಹುದು. ಇದು ನಿಜ. ಆದರೆ ಮನೆಯ ಮೂಲೆಯಲ್ಲಿ ಒಬ್ಬರೇ ಕುಳಿತು ಇದನ್ನು ಸಾಧಿಸಲಾಗದು ಎಂಬುದೂ ಅಷ್ಟೇ ನಿಜ. ಬದಲಾಗಬೇಕಾದದ್ದು ಒಬ್ಬರ ಲೋಟವಲ್ಲ, ಎಲ್ಲರಿಗೂ ಅಡುಗೆ ಬೇಯುವ ಪಾತ್ರೆ. ನಮ್ಮ ವಾದ ಇಷ್ಟೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ ಮಧುಮೇಹ ಇರುವವರು 10 ಕೋಟಿ 10 ಲಕ್ಷ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿ 60 ಲಕ್ಷ. ತಂದೆ ಅಥವಾ ತಾಯಿಗೆ ಈ ಕಾಯಿಲೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು. ಅಂದರೆ ಅಪ್ಪನಿಗೆ ಸಪ್ಪೆ ಟೀ ಕೊಟ್ಟು ತಾವು ಸಿಹಿ ಟೀಯಲ್ಲಿ ಬನ್ನು ಅದ್ದಿಕೊಂಡು ಕುಳಿತ ಮಕ್ಕಳೇ ಮುಂದಿನ ಸರದಿಯಲ್ಲಿದ್ದಾರೆ. ದಪ್ಪಗಿಲ್ಲ, ಹಾಗಾಗಿ ನಮಗೆ ಬಾರದು ಎಂದು ಯಾರೂ ನೆಮ್ಮದಿಯಿಂದ ಇರುವಂತಿಲ್ಲ. ಪಾಶ್ಚಾತ್ಯರಿಗೆ ಹೋಲಿಸಿದರೆ ನಮ್ಮವರಿಗೆ ಕಡಿಮೆ ತೂಕದಲ್ಲೇ ಈ ಕಾಯಿಲೆ ಬರುತ್ತದೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರ ವಹಿಸಬೇಕು ಎನ್ನುತ್ತಾರೆ ವೈದ್ಯರು.

'ಒಮ್ಮೆ ಬಂದ ಸಕ್ಕರೆ ಹೋಗುವುದಿಲ್ಲ, ಎಲ್ಲ ಹಣೆಬರಹ' ಎಂದು ಕೈಚೆಲ್ಲುವವರಿಗೆ ಒಂದು ಮಾತು. ಬ್ರಿಟನ್ನಿನಲ್ಲಿ ನಡೆದ 'ಡೈರೆಕ್ಟ್' ಎಂಬ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಕಾಯಿಲೆ ಪತ್ತೆಯಾಗಿ ಆರು ವರ್ಷ ದಾಟದ, ತೂಕ ಹೆಚ್ಚಿದ್ದ 306 ಜನರನ್ನು ಅದಕ್ಕೆ ಆರಿಸಿಕೊಂಡಿದ್ದರು. ಅರ್ಧದಷ್ಟು ಜನರಿಗೆ ಮಾಮೂಲಿ ಚಿಕಿತ್ಸೆ. ಉಳಿದವರಿಗೆ ವೈದ್ಯಕೀಯ ನಿಗಾದಲ್ಲಿ ಆಹಾರ ಬಹಳ ಕಡಿಮೆ ಮಾಡಿ ತೂಕ ಇಳಿಸಲಾಯಿತು. ಒಂದು ವರ್ಷದ ನಂತರ ನೋಡಿದರೆ ತೂಕ ಇಳಿಸುವ ಗುಂಪಿನಲ್ಲಿ ಶೇ. 46ರಷ್ಟು ಜನರ ಸಕ್ಕರೆ ಮಾತ್ರೆಯಿಲ್ಲದೆಯೇ ಮಧುಮೇಹದ ಮಿತಿಗಿಂತ ಕೆಳಗಿತ್ತು. ಮಾಮೂಲಿ ಗುಂಪಿನಲ್ಲಿ ಹಾಗಾದದ್ದು ಶೇ. 4ರಷ್ಟು ಮಾತ್ರ. ಆದರೆ ಎರಡನೇ ವರ್ಷಕ್ಕೆ ಆ 46 ಶೇ. 36ಕ್ಕೆ ಇಳಿಯಿತು. ತೂಕ ಮರಳಿದವರಿಗೆ ಸಕ್ಕರೆಯೂ ಮರಳುತ್ತದೆ. ಆದ್ದರಿಂದ ಇದನ್ನು 'ವಾಸಿ' ಎನ್ನದೆ 'ಶಮನ' ಎನ್ನುವುದೇ ಸರಿ. ಯಕೃತ್ತಿನಲ್ಲಿ, ಮೇದೋಜ್ಜೀರಕ ಗ್ರಂಥಿಯಲ್ಲಿ ಸೇರಿದ ಕೊಬ್ಬು ಕರಗಿದರೆ ಇನ್ಸುಲಿನ್ ತನ್ನ ಕೆಲಸವನ್ನು ಮತ್ತೆ ಮಾಡಬಲ್ಲದು. ಕಾಯಿಲೆ ಹಳತಾದಷ್ಟೂ ಆ ಅವಕಾಶ ಕಡಿಮೆ. ಹೊಸದಾಗಿ ಪತ್ತೆಯಾದ ಮೊದಲ ವರ್ಷಗಳು ಅದಕ್ಕೇ ಬೆಲೆಯುಳ್ಳವು. ಆ ವರ್ಷಗಳನ್ನು ನಾವು ಸಪ್ಪೆ ಟೀಯಲ್ಲಿ ಕಳೆದುಬಿಡುತ್ತಿದ್ದೇವೆ.

ಇನ್ನು ಚಪಾತಿಯ ಮಾತು. ಅನ್ನ ಬಿಟ್ಟು ಗೋಧಿಗೆ ಬಂದರೆ, ಗೋಧಿ ಬಿಟ್ಟು ರಾಗಿಗೆ ಬಂದರೆ ಸಕ್ಕರೆ ತಾನಾಗಿ ಇಳಿಯುತ್ತದೆ ಎಂಬ ನಂಬಿಕೆ ಮೈಸೂರಿನಲ್ಲಿ ಬಲವಾಗಿದೆ. ರಾಗಿಯಲ್ಲಿ ನಾರಿದೆ, ಸುಣ್ಣವಿದೆ, ಪಾಲಿಶ್ ಮಾಡಿದ ಅಕ್ಕಿಗಿಂತ ಅದು ಮೇಲು. ಆದರೆ ಅದರಲ್ಲೂ ಸುಮಾರು ಮೂರರಲ್ಲಿ ಎರಡು ಪಾಲು ಪಿಷ್ಟವೇ. ಎರಡು ದೊಡ್ಡ ಮುದ್ದೆ ನುಂಗಿ, ಮೇಲೆ ಒಂದು ಹಿಡಿ ಅನ್ನ ಮಜ್ಜಿಗೆಗೆ ಕಲಸಿ ತಿಂದವರಿಗೆ ರಾಗಿ ಏನು ಮಾಡೀತು? ಬೆಲ್ಲ ಹಾಕಿದ ರಾಗಿ ಮಾಲ್ಟ್ ಔಷಧಿಯಾಗುವುದು ಹೇಗೆ? ಇಂಡಿಯಾಬ್ ಅಧ್ಯಯನದ 2025ರ ವರದಿ ಇದನ್ನೇ ಹೇಳಿದೆ. ನಾವು ಊಟದಿಂದ ಪಡೆಯುವ ಶಕ್ತಿಯಲ್ಲಿ ಶೇ. 62ರಷ್ಟು ಬರುವುದು ಪಿಷ್ಟ ಮತ್ತು ಸಕ್ಕರೆಯಿಂದ. ಒಟ್ಟು ಪ್ರಮಾಣ ಕಡಿಮೆ ಮಾಡದೆ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದರೆ ಕಾಯಿಲೆಯ ಅಪಾಯ ತಗ್ಗುವುದಿಲ್ಲ. ಆ ಪಿಷ್ಟದ ಒಂದು ಸಣ್ಣ ಪಾಲನ್ನು ಬೇಳೆಕಾಳು, ಹಾಲು ಮೊಸರಿನ ಪ್ರೋಟೀನಿಗೆ ಬಿಟ್ಟುಕೊಟ್ಟರೆ ತಗ್ಗುತ್ತದೆ.

ಇದಕ್ಕೆ ಹೊಸ ಅಡುಗೆ ಕಲಿಯಬೇಕಿಲ್ಲ. ಹುರುಳಿಕಾಳಿನ ಬಸ್ಸಾರು, ಮಸ್ಸೊಪ್ಪು, ಅವರೆಕಾಳು, ಹೆಸರುಬೇಳೆ ಕೋಸಂಬರಿ, ದಾಲ್ಚಾ ಎಲ್ಲವೂ ನಮ್ಮ ಮನೆಗಳಲ್ಲಿ ಆಗಲೇ ಇವೆ. ಕೆಟ್ಟಿರುವುದು ಲೆಕ್ಕ ಮಾತ್ರ. ತಟ್ಟೆಯ ಅರ್ಧ ಸೊಪ್ಪು ತರಕಾರಿ, ಕಾಲು ಭಾಗ ಕಾಳು, ಮೊಟ್ಟೆ, ಮೀನು ಅಥವಾ ಕೊಬ್ಬು ತೆಗೆದ ಮಾಂಸ, ಉಳಿದ ಕಾಲು ಮಾತ್ರ ಅನ್ನವೋ ಮುದ್ದೆಯೋ. ಬಿರಿಯಾನಿಯ ದಿನವೂ ಲೆಕ್ಕ ಇದೇ, ಅನ್ನ ಕಡಿಮೆ, ತುಂಡು ಮತ್ತು ಸೌತೆಕಾಯಿ ಹೆಚ್ಚು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನ್ ಎಷ್ಟು ಎಂಬುದನ್ನು ವೈದ್ಯರಲ್ಲಿ ಕೇಳಿ ನಿರ್ಧರಿಸಬೇಕು. ಈ ತಟ್ಟೆ ರೋಗಿಗೆ ಎಷ್ಟು ಒಳ್ಳೆಯದೋ ಹತ್ತು ವರ್ಷದ ಮಗುವಿಗೂ ಅಷ್ಟೇ ಒಳ್ಳೆಯದು. ಹಾಗಿದ್ದ ಮೇಲೆ ಎರಡು ಅಡುಗೆ ಯಾಕೆ?

ಬಡವರ ಮನೆಯಲ್ಲಿ ಕಾಳು ಎಲ್ಲಿಂದ ಬರಬೇಕು ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಹಸಿವನ್ನು ಓಡಿಸಿತು. ಅದನ್ನು ಹೀಯಾಳಿಸುವವರ ಸಾಲಿನಲ್ಲಿ ನಾವಿಲ್ಲ. ಆದರೆ ಹೊಟ್ಟೆ ತುಂಬಿಸಲು ಅಕ್ಕಿಯೊಂದೇ ಅಗ್ಗವಾದರೆ ಬಡವರ ತಟ್ಟೆಯಲ್ಲಿ ಅಕ್ಕಿಯೊಂದೇ ಉಳಿಯುತ್ತದೆ. ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಬೇಳೆ, ಎಣ್ಣೆ ಇರುವ ಕಿಟ್ ಕೊಡುವುದಾಗಿ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ತೀರ್ಮಾನಿಸಿತು. ಈ ದಾರಿ ಸರಿಯಾದದ್ದು. ಪಡಿತರದಲ್ಲಿ ಬೇಳೆಕಾಳು ಎಂದೂ ತಪ್ಪದಂತೆ ಕೇಳುವುದು ಮಧುಮೇಹದ ಚಿಕಿತ್ಸೆಯ ಒಂದು ಭಾಗವೇ.

ಕಾಯಿಲೆ ಗಂಡನಿಗೆ ಬಂದರೆ ಹೆಂಡತಿ ಚಪಾತಿ ಲಟ್ಟಿಸುತ್ತಾಳೆ. ಅದೇ ಕಾಯಿಲೆ ಹೆಂಡತಿಗೆ ಬಂದರೆ? ಬೀಡಿಯನ್ನೋ ಅಗರಬತ್ತಿಯನ್ನೋ ಕಟ್ಟುತ್ತ ಹಗಲೆಲ್ಲ ಕುಳಿತ ಮೈಸೂರಿನ ಹೆಣ್ಣುಮಗಳು ರಾತ್ರಿ ಎಲ್ಲರ ಊಟವಾದ ಮೇಲೆ ಪಾತ್ರೆ ಬಗ್ಗಿಸುತ್ತಾಳೆ. ತುಂಡು ಮುಗಿದಿರುತ್ತದೆ, ಕಾಳು ಮುಗಿದಿರುತ್ತದೆ, ಉಳಿದಿರುವುದು ಅನ್ನ ಮತ್ತು ತಿಳಿಸಾರು. ಅವಳ ಸಕ್ಕರೆ ಏರಿದ್ದು ನಾಲಿಗೆಯ ಚಪಲದಿಂದಲೇ? ತನಗೊಬ್ಬಳಿಗಾಗಿ ಬೇರೆ ಅಡುಗೆ ಮಾಡಿಕೊಳ್ಳುವ ಹೆಣ್ಣನ್ನು ಯಾವ ಮನೆ ಸಹಿಸಿಕೊಳ್ಳುತ್ತದೆ? 'ಅಮ್ಮೀ, ನೀನು ಮೊದಲು ಬಡಿಸಿಕೋ' ಎಂದು ಮಕ್ಕಳು ಹೇಳುವ ತನಕ ಯಾವ ಪಥ್ಯದ ಪಟ್ಟಿಯೂ ಅವಳ ಪಾಲಿಗೆ ಕಾಗದವಷ್ಟೇ.

ನಡಿಗೆಯ ಕಥೆಯೂ ಬೇರೆಯಲ್ಲ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ ಎಂಬುದು ವೈದ್ಯರ ಮಾತು. ನಗರದ ಪಶ್ಚಿಮಕ್ಕೆ ಕುಕ್ಕರಹಳ್ಳಿ ಕೆರೆಯ ಏರಿ ಇದೆ, ಬೆಳಗಾದರೆ ಅಲ್ಲಿ ನಡೆಯುವವರ ಸಾಲು. ಪೂರ್ವಕ್ಕೆ ಉದಯಗಿರಿ, ಗೌಸಿಯಾ ನಗರದ ಕಿರುಗಲ್ಲಿಗಳ ಹೆಣ್ಣುಮಕ್ಕಳು ಎಲ್ಲಿ ನಡೆಯಬೇಕು? ಎರಡು ಬಸ್ಸು ಬದಲಿಸಿ ಕೆರೆಗೆ ಹೋಗಬೇಕೇ? ಸರ್ಕಾರಿ ಶಾಲೆಗಳ ಆವರಣ, ಈದ್ಗಾ ಮೈದಾನ, ಶಾದಿಮಹಲಿನ ಅಂಗಳ ಬೆಳಗಿನ ಒಂದು ಗಂಟೆ ಹೆಂಗಸರಿಗೆ ತೆರೆದಿರಲಿ. ನಗರಪಾಲಿಕೆಯೂ ಜಮಾತುಗಳೂ ಮನಸ್ಸು ಮಾಡಿದರೆ ಇದಕ್ಕೆ ಬೇಕಾದದ್ದು ಒಂದು ಬೀಗದ ಕೈ ಮಾತ್ರ. ಅಷ್ಟರವರೆಗೆ ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಮನೆಯ ಮಹಡಿಯ ಮೇಲೋ ಗಲ್ಲಿಯಲ್ಲೋ ನಡೆದರೂ ಲಾಭವಿದೆ. ಊಟದ ನಂತರ ಏರುವ ಸಕ್ಕರೆಯನ್ನು ಸ್ನಾಯುಗಳು ಆಗಲೇ ಬಳಸಿಕೊಳ್ಳುತ್ತವೆ. ಬೀಡಿಯ ಮೊರ ಹಿಡಿದು ಕುಳಿತವರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ಬೀದಿಯಲ್ಲಿ ನಡೆಯುವ ಹೆಣ್ಣನ್ನು ಕಂಡು 'ಇವಳಿಗೇನು ಕೆಲಸ' ಎನ್ನುವ ಬಾಯಿಗಳಿವೆಯಲ್ಲ, ಕಟ್ಟಬೇಕಾದದ್ದು ಆ ಬಾಯಿಗಳನ್ನು.

ನಮ್ಮ ಆತಿಥ್ಯವೂ ಈ ವಿಚಾರಣೆಯಿಂದ ತಪ್ಪಿಸಿಕೊಳ್ಳಲಾಗದು. ಮದುವೆ ಮನೆಯಲ್ಲಿ ಫಿರ್ನಿಯ ಬಟ್ಟಲನ್ನೋ ಮೈಸೂರು ಪಾಕಿನ ತುಂಡನ್ನೋ ಕೈಗಿಟ್ಟು 'ಇವತ್ತೊಂದು ದಿನ ತಿಂದರೆ ಏನೂ ಆಗುವುದಿಲ್ಲ' ಎಂದು ಒತ್ತಾಯಿಸುವುದನ್ನು ನಾವು ಪ್ರೀತಿ ಎಂದು ಕರೆಯುತ್ತೇವೆ. ಬೇಡ ಎಂದವರನ್ನು ಬೇಡ ಎನ್ನಲು ಬಿಡುವುದು ಅದಕ್ಕಿಂತ ದೊಡ್ಡ ಪ್ರೀತಿ. ರಮಝಾನಿನಲ್ಲಂತೂ ಸಮೋಸಾ, ಶರಬತ್ತುಗಳ ಇಫ್ತಾರಿನಲ್ಲಿ ತಿಂಗಳ ಸಂಯಮವೆಲ್ಲ ಕರಗುತ್ತದೆ. ರೋಗಿಗಳಿಗೆ ಉಪವಾಸದಿಂದ ಕುರ್‌ಆನ್ ರಿಯಾಯಿತಿ ಕೊಟ್ಟಿದೆ. ಉಪವಾಸ ಹಿಡಿಯುವ ಮಧುಮೇಹಿಗಳು ಒಂದೆರಡು ತಿಂಗಳು ಮುಂಚೆಯೇ ವೈದ್ಯರನ್ನು ಕಂಡು ಮಾತ್ರೆಯ ಹೊತ್ತು, ಪ್ರಮಾಣ ಗೊತ್ತುಮಾಡಿಕೊಳ್ಳಬೇಕು. ಇದನ್ನು ಮಸೀದಿಯಲ್ಲೇ ಹೇಳಿದರೆ ಕೇಳುವ ಕಿವಿಗಳು ಹೆಚ್ಚು.

ಕೊನೆಯದಾಗಿ, ಚೂರ್ಣ ಮಾರುವವರು. ಮಧುಮೇಹವನ್ನು ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಆದರೂ ಬೇರು, ಬೀಜ, ಕಷಾಯದ ಹೆಸರಿನಲ್ಲಿ ವ್ಯಾಪಾರ ನಡೆದೇ ಇದೆ. 1950ರಿಂದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವನ್ನು ಮಡಿಲಲ್ಲಿಟ್ಟುಕೊಂಡ ಈ ನಗರದಲ್ಲಿ ಜನ ಪಥ್ಯ ಕಲಿಯುವುದು ವಾಟ್ಸಾಪಿನಲ್ಲಿ ಬಂದ ವಿಡಿಯೋ ನೋಡಿ! ಅದನ್ನು ನಂಬಿ ಮಾತ್ರೆ ಬಿಟ್ಟವರು ಕಾಲಿನ ಹುಣ್ಣು, ಮಂಜಾದ ಕಣ್ಣು ಹೊತ್ತು ಆಸ್ಪತ್ರೆಗೆ ಬರುತ್ತಾರೆ. ಊಟ ಬದಲಿಸುವುದೆಂದರೆ ಮಾತ್ರೆ ಬಿಸಾಡುವುದಲ್ಲ. ಕೆಲವು ಮಾತ್ರೆಗಳನ್ನು ನುಂಗುತ್ತ ಊಟ ಒಮ್ಮೆಲೇ ಕಡಿಮೆ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಆದ್ದರಿಂದ ಎರಡನ್ನೂ ವೈದ್ಯರಿಗೆ ತಿಳಿಸಿಯೇ ಬದಲಿಸಬೇಕು. ಮಾತ್ರೆ ಇದೆಯಲ್ಲ, ಏನು ತಿಂದರೂ ನಡೆಯುತ್ತದೆ ಎನ್ನುವುದು ಇನ್ನೊಂದು ಬಗೆಯ ಮೂಢನಂಬಿಕೆ.

ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಪತ್ತೆಯಾದ ವಾರವೇ 30 ದಾಟಿದ ಉಳಿದವರೆಲ್ಲರೂ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಲಿ, ಅದಕ್ಕೆ ಹಣ ಕೊಡಬೇಕಿಲ್ಲ. ಎಲ್ಲರ ಟೀಯೂ ಸಪ್ಪೆಯಾಗಲಿ. ಅನ್ನದ ಪಾತ್ರೆ ಚಿಕ್ಕದಾಗಿ ಕಾಳಿನ ಪಾತ್ರೆ ದೊಡ್ಡದಾಗಲಿ. ಅಡುಗೆ ಮಾಡಿದವಳು ಎಲ್ಲರ ಜೊತೆಗೇ ಊಟಕ್ಕೆ ಕೂರಲಿ. ಇಷ್ಟೂ ನಡೆದ ಮೇಲೂ ಸಕ್ಕರೆ ಇಳಿಯದಿದ್ದರೆ ಆಗ ವೈದ್ಯರು ಔಷಧಿ ಹೆಚ್ಚಿಸುತ್ತಾರೆ. ರೋಗಿಯನ್ನು ದೂರುವ ಹಕ್ಕು ಆಗಲೂ ಯಾರಿಗೂ ಇಲ್ಲ.