ಹಿಂದಿನ ಕೆಂಪು ದೀಪ

ಅಕ್ಕಾರ, ಬ್ರೆವೆ ಅಂತ ದೂರದ ಸೈಕಲ್ ಸವಾರಿ ಐತಿ. ಬೆಂಗಳೂರಾಗೂ ನಡೀತಾವ. 200 ಕಿಲೋಮೀಟರ್ ಹದಿಮೂರೂವರೆ ತಾಸಿನ್ಯಾಗ, 600 ಆದ್ರ 40 ತಾಸಿನ್ಯಾಗ ಮುಗಿಸಬೇಕು. ದಾರ್ಯಾಗ ಸಹಾಯಕ್ಕ ಗಾಡಿ ಹಿಂದ ಬರಂಗಿಲ್ಲ, ಪಂಕ್ಚರ್ ಆದ್ರ ತಾವೇ ಹಾಕ್ಕೋಬೇಕು. ಇಷ್ಟಾದ್ರೂ ಮೊದಲನೇ ನಂಬರ್ ಅಂತ ಯಾರಿಗೂ ಇಲ್ಲ! ಹುಚ್ಚು ಅನ್ನಬ್ಯಾಡ್ರಿ. ನನಗ ಹಿಡಿಸಿದ್ದು ಅವರ ಕಟ್ಟುನಿಟ್ಟು. ರಾತ್ರಿ ಮುಂದ ದೀಪ, ಹಿಂದ ಕೆಂಪು ದೀಪ, ಮೈಮ್ಯಾಲ ಬೆಳಕಿಗೆ ಹೊಳೆಯೋ ಅಂಗಿ ಬೇಕೇ ಬೇಕು.

ನಮ್ಮ ಕುರುಗೋಡು ರಸ್ತ್ಯಾಗ ಮೆಣಸಿನಕಾಯಿ ಚೀಲ ಹೇರಿದ ಎಷ್ಟೋ ಟ್ರಾಲಿಗೆ ಒಂದು ಕೆಂಪು ದೀಪ ಇರಂಗಿಲ್ಲ. ಹಿಂದ ಬೈಕಿನ್ಯಾಗ ಬರೋ ಹುಡುಗರಿಗೆ ಹತ್ರ ಬಂದ ಮ್ಯಾಲೇ ಕಾಣೋದು. ಬಾಡಿಗಿ ಎಣಿಸೋರಿಗೆ ದೀಪದ ರೊಕ್ಕ ಭಾರ ಏನ್ರಿ? ಟ್ರ್ಯಾಕ್ಟರ್ ಇದ್ದ ಮನೀ ಅಕ್ಕಾರ, ಗಂಡಸರ ಕೈಗೆ ಬುತ್ತಿ ಕೊಡೋಕಿಂತ ಮೊದಲು ಟ್ರಾಲಿ ಹಿಂದ ಹೋಗಿ ನೋಡ್ರಿ.